ಜ್ವರವಿಲ್ಲದವನು

ಬೀನ್ಸಿನ ನಾರು ತೆಗೆಯುತ್ತ ಕೂತಿದ್ದ ಸಿರಿಲ್ ಲಾರ್ಟರನಿಗೆ ಬೆಳಗಿನಿಂದ ನಾಲ್ಕನೆಯ ಸಲ ಕಕ್ಕಸಿಗೆ ಹೋಗಬೇಕೆನ್ನಿಸಿತು. ಹೋಗಿ ಬಂದ, ಏನೂ ಆಗಲಿಲ್ಲ. ಎಪ್ಪತ್ತೆರಡು ವರ್ಷದ ಗಂಡಸು ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಹೊಟ್ಟೆ ಹಿಡಿದುಕೊಂಡು ಓಡಾಡುವುದೆಂದರೆ! "ಇನ್ನೊಂದ್ಸಲ ಹೋದ್ರೆ ನಿನ್ನ ಊಟಾನೂ ಅಲ್ಲಿಗೇ ತಂದುಕೊಡ್ತೀನಿ ನೋಡು," ಅಂದಳು ಹಿಲ್ಡಾ, ಹ್ಯಾಮಿನ ಹೋಳುಗಳನ್ನು ಒಳ್ಳೆಯ ತಟ್ಟೆಯಲ್ಲಿ ಜೋಡಿಸುತ್ತ. "ಬರ್ತಿರೋದು ಒಬ್ಬ ಮುದುಕಿ, ಮಹಾರಾಣಿ ಅಲ್ಲ." ಮುದುಕಿಯೇನಲ್ಲ, ಅರವತ್ತೆರಡು, ಎಂದು ಅವನು ಮನಸ್ಸಿನಲ್ಲೇ ತಿದ್ದಿದ. ಯುದ್ಧದಲ್ಲಿ ಅಣ್ಣ ಸತ್ತಾಗ ಅವನಿಗೆ ಇಪ್ಪತ್ತು, ಈ ತಂಗಿಗೆ ಹನ್ನೆರಡು. ಈ ಲೆಕ್ಕವನ್ನು ಅವನು ವರ್ಷವರ್ಷವೂ ಹಾಕಿಕೊಂಡೇ ಬಂದಿದ್ದ. ಈಗ ಅವಳಿಗೆ ಮದುವೆಯ ವಯಸ್ಸು, ಈಗ ಮಕ್ಕಳಿರಬಹುದು, ಈಗ ಕೂದಲು ನರೆತಿರಬಹುದು ಅಂತ. ಕಂಡಿರದ ಒಬ್ಬ ಹೆಂಗಸನ್ನು ಐವತ್ತು ವರ್ಷ ಹೀಗೆ ಮನಸ್ಸಿನೊಳಗೆ ಬೆಳೆಸಿದವನು ಈ ಬಿಂಟ್‌ಹ್ಯಾಮ್ ಊರಿನಲ್ಲಿ ತಾನೊಬ್ಬನೇ ಇರಬೇಕು. ಈವತ್ತು ಹನ್ನೊಂದಕ್ಕೆ ಅವಳು ಗ್ರಿಮ್ಸ್‌ಬಿಯಿಂದ ಕಾರು ಓಡಿಸಿಕೊಂಡು ಬರುತ್ತಾಳೆ. ನಾಳೆ ಹಳೆಯ ರನ್‌ವೇ ತುದಿಯಲ್ಲಿ ನೆಟ್ಟ ಕಲ್ಲಿನ ಮೇಲಿನ ಬಟ್ಟೆ ಸರಿಸುತ್ತಾರೆ. ಅದರ ಮೇಲಿರುವ, ಯುದ್ಧದಲ್ಲಿ ಇಲ್ಲಿಂದ ಹಾರಿ ಸತ್ತ ಅರವತ್ತೊಂದು ಜನರ ಹೆಸರುಗಳಲ್ಲಿ ಅವಳ ಅಣ್ಣನದೂ ಒಂದು: ಸಾರ್ಜೆಂಟ್ ಅಲೆಕ್ ಟನರ್ಡ್, ಏರ್ ಗನ್ನರ್, ಬಾಂಬರಿನ ಬಂದೂಕಿನವನು. ಅದಕ್ಕೆ ಮುಂಚೆ, ಈವತ್ತೇ, ಅವಳಿಗೆ ಹೇಳಬೇಕು. ಹೇಳದಿದ್ದರೆ ಇನ್ನು ಹೇಳುವುದಕ್ಕೆ ಯಾರೂ ಉಳಿಯುವುದಿಲ್ಲ.

ಅವಳಿಗೆ ಜಾಗ ತೋರಿಸುವ ಕೆಲಸವನ್ನು ಪಾದ್ರಿ ಇವನಿಗೆ ಒಪ್ಪಿಸಿದ್ದೂ ಒಂದು ತಮಾಷೆಯೇ. ಕಲ್ಲು ನೆಡುವ ಕಮಿಟಿಯ ಸಭೆಯಲ್ಲಿ, ಆ ಎಳೆಯ ಪಾದ್ರಿ, ಮೀಸೆ ಇಲ್ಲದ ಮುಖದವನು, "ಲಾರ್ಟರ್ ಅವ್ರೇ, ನೀವು ಬಾಂಬರಿನಲ್ಲಿ ಹೋಗ್ತಿದ್ರಂತೆ?" ಎಂದು ಎಲ್ಲರೆದುರು ಕೇಳಿದ್ದ. "ಇಲ್ಲ, ನಾನು ಆಸ್ಪತ್ರೆ ಬ್ಯಾರಕ್ಕಿನಲ್ಲಿ ಆರ್ಡರ್ಲಿ, ಡಾಕ್ಟರ ಕೈಯಾಳು," ಅಂದ. "ಓಹ್," ಅಂದ ಪಾದ್ರಿ. ಅಷ್ಟೇ. ಆ ಓಹ್ ಎಂಬುದು ಅವನಿಗೆ ಹೊಸದಲ್ಲ. ನಾರಿಚ್‌ನ ಭರ್ತಿ ಕಚೇರಿಯ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇಲ್ಲಿ ಯಾವ ಅಂಕಿ ಕಾಣ್ತದಪ್ಪ ಎಂದು ಕೇಳಿ, ಇವನು ಅಂಕಿಯೇ ಇಲ್ಲವಲ್ಲ ಸಾರ್ ಅಂದಾಗ, ಅವರೂ ಹಾಗೇ ಓಹ್ ಅಂದಿದ್ದರು. ಕೆಂಪು ಹಸಿರು ತಿಳಿಯದವನು ಆಕಾಶಕ್ಕೆ ಲಾಯಕ್ಕಲ್ಲ, ಮಾತ್ರೆ ಎಣಿಸುವುದಕ್ಕೆ ಲಾಯಕ್ಕು. ಹಾರುವ ಹುಡುಗರು ಬೆಳಿಗ್ಗೆ ಮೊಟ್ಟೆ ತಿನ್ನುತ್ತಿದ್ದರು, ನೆಲದವರಿಗೆ ಗಂಜಿ. ಎದೆಯ ಮೇಲೆ ಒಂಟಿ ರೆಕ್ಕೆಯ ಬಿಲ್ಲೆ ಹೊಲಿದುಕೊಂಡ, ಇನ್ನೂ ಸರಿಯಾಗಿ ಗಡ್ಡ ಬರದ ಪೋರರು ಇವನನ್ನು ಕಂಡರೆ "ಏನ್ ಡಾಕ್ಟ್ರೇ, ಇವತ್ತು ಯಾರ ಬೆರಳಿಗೆ ಪಟ್ಟಿ ಕಟ್ಟಿದ್ರಿ?" ಅನ್ನುತ್ತಿದ್ದರು. ಅವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮುಂದಿನ ವಾರ ಅವರೇ ಇರುತ್ತಿರಲಿಲ್ಲ. ಸತ್ತವನ ಲೇವಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವುದು ಎಂಥ ಸಣ್ಣತನ ಅಂತ ಅವನಿಗೆ ಆಗಲೂ ಗೊತ್ತಿತ್ತು, ಆದರೂ ಕೊರಗುತ್ತಿದ್ದ.

"ಏನೋ ಗೊಣಗ್ತಿದ್ದೀಯ," ಅಂದಳು ಹಿಲ್ಡಾ. "ಬಂದವಳ ಮುಂದೆ ಹಾಗೆ ಗೊಣಗಬೇಡ, ಅರಳು ಮರಳು ಅಂದ್ಕೋತಾಳೆ. ಆ ಸಾಕ್ಸ್ ಬದಲಾಯಿಸು."

ಸಾಕ್ಸ್ ಬದಲಾಯಿಸುವುದಕ್ಕೆ ಮಂಚದ ಅಂಚಿನಲ್ಲಿ ಕೂತ. ಆವತ್ತು ಆಸ್ಪತ್ರೆಯ ಬೆಂಚಿನ ಅಂಚಿನಲ್ಲಿ ಅಲೆಕ್ ಹೀಗೇ ಕೂತಿದ್ದ, ಮೊಣಕಾಲ ಮೇಲೆ ಸಣ್ಣ ಚೀಲ ಇಟ್ಟುಕೊಂಡು. ಆ ಚೀಲವನ್ನು ಕಂಡೇ ಎಲ್ಲ ಗೊತ್ತಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕಾಯಿಲೆಯವರ ಸಾಲು ಸೇರುತ್ತಿತ್ತು. ಸಾಲಿಗೆ ಬರುವವನು ಟವೆಲು, ಕ್ಷೌರದ ಸಾಮಾನು, ರಾತ್ರಿ ಬಟ್ಟೆ ಕಟ್ಟಿಕೊಂಡೇ ಬರಬೇಕೆಂಬುದು ವಾಯುಪಡೆಯ ನಿಯಮ. ಡಾಕ್ಟರು ದೊಡ್ಡಾಸ್ಪತ್ರೆಗೆ ಕಳಿಸಿದರೆ ಮತ್ತೆ ಬ್ಯಾರಕ್ಕಿಗೆ ಓಡಬಾರದಲ್ಲ. ಹಾಗಾಗಿ ಚೀಲ ಹಿಡಿದು ಮೈದಾನ ದಾಟಿ ಬರುವವನನ್ನು ಇಡೀ ಠಾಣ್ಯವೇ ನೋಡುತ್ತಿತ್ತು. ಹಾರುವ ಹುಡುಗರು ಮಾತ್ರ ಹಾಗೆ ಬರುತ್ತಿರಲಿಲ್ಲ. ನೂರಮೂರು ಜ್ವರವಿದ್ದರೂ ಬಿಸಿ ಟೀ ಕುಡಿದು ವಿಮಾನ ಹತ್ತುತ್ತಿದ್ದರು. ಆವತ್ತು ಎಂಟಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ, ಬೇರೆ ಯಾರೂ ಬರುವ ಮುಂಚೆ, ಅಲೆಕ್ ಟನರ್ಡ್ ಚೀಲ ಹಿಡಿದು ಒಳಗೆ ಬಂದು ಬಾಗಿಲು ಮುಚ್ಚಿದ.

ಕಾರು ನಿಂತ ಸದ್ದು. ಹಿಲ್ಡಾ ಏಪ್ರನ್ ಬಿಚ್ಚಿ ಬಾಗಿಲ ಹಿಂದೆ ಎಸೆದು, "ಬನ್ನಿ ಬನ್ನಿ, ದಾರಿಯಲ್ಲಿ ಟ್ರ್ಯಾಕ್ಟರು ಸಿಕ್ಕಿಬಿಡ್ತೇನೋ ಅಂದ್ಕೊಂಡೆ, ಕೊಯ್ಲಿನ ಕಾಲ ನೋಡಿ," ಎನ್ನುತ್ತ ಹೋದಳು. ಮಾರ್ಜರಿ ಟನರ್ಡ್ ಎತ್ತರದ ಹೆಂಗಸು, ಗಂಡಸಿನ ಹಾಗೆ ದೊಡ್ಡ ಕೈಗಳು. ಮದುವೆಯಾಗಿರಲಿಲ್ಲ. ಅಮ್ಮನನ್ನು ನೋಡಿಕೊಂಡಿದ್ದಾಯ್ತು ಅಂದಳು, ಅದೇ ಒಂದು ಉದ್ಯೋಗ ಎಂಬಂತೆ. ಅಮ್ಮ ತೊಂಬತ್ತಾರರವರೆಗೆ ಬದುಕಿ ಹೋದ ಚಳಿಗಾಲದಲ್ಲಿ ತೀರಿಕೊಂಡರಂತೆ. "ಎಂಬತ್ತರವರೆಗೂ ಮನೆಯಲ್ಲಿ ಮೀನಿನ ಬಲೆ ಹೆಣೀತಿದ್ರು. ಗ್ರಿಮ್ಸ್‌ಬಿಯಲ್ಲಿ ದೋಣಿಗಳೇ ಇಲ್ಲದ ಮೇಲೂ ಹೆಣೀತಿದ್ರು. ಯಾರಿಗಮ್ಮಾ ಅಂದ್ರೆ, ಕೈ ಸುಮ್ನಿದ್ರೆ ತಲೆ ಸುಮ್ನಿರಲ್ಲ ಅನ್ನೋರು." ಅವಳು ಹ್ಯಾಮಿಗೆ ಸಾಸಿವೆ ಹಚ್ಚಿಕೊಂಡು ಚೆನ್ನಾಗಿ ತಿಂದಳು. ಅವಳ ಗದ್ದ ಅಲೆಕ್‌ನ ಗದ್ದ. ಸಿರಿಲ್ ತನ್ನ ಆಲೂಗೆಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಅಮ್ಮ ಹೋದ ಚಳಿಗಾಲದವರೆಗೂ ಇದ್ದರು ಎಂಬ ಮಾತೊಂದೇ ಕಿವಿಯಲ್ಲಿ ಕೂತಿತ್ತು. ಹೋದ ಚಳಿಗಾಲದವರೆಗೂ, ಆ ಅಮ್ಮನಿಗೇ ಹೇಳುವುದಕ್ಕೆ, ಗ್ರಿಮ್ಸ್‌ಬಿಗೆ ಎರಡೇ ಎರಡು ಬಸ್ಸು ಹಿಡಿದರೆ ಸಾಕಿತ್ತು.

"ನಿಮಗೆ ನಮ್ಮಣ್ಣ ಗೊತ್ತಿದ್ನಾ?" ಎಂದು ಕೇಳಿದಳು.

"ಎಲ್ಲರೂ ಗೊತ್ತಿದ್ರು," ಅಂದ.

"ಇವನಿಗೆ ಎಲ್ಲರ ಹೊಟ್ಟೇನೂ ಗೊತ್ತಿತ್ತು," ಅಂದಳು ಹಿಲ್ಡಾ, ಟೀ ಬಗ್ಗಿಸುತ್ತ. "ಯುದ್ಧ ಪೂರ್ತಿ ಭೇದಿ ಮಾತ್ರೆ ಹಂಚಿದ್ದೇ ಹಂಚಿದ್ದು. ಪದಕ ಯಾಕೆ ಕೊಡ್ಲಿಲ್ವೋ ಪಾಪ." ಹೆಂಗಸರಿಬ್ಬರೂ ನಕ್ಕರು. ಅವನೂ ನಕ್ಕ. ಈ ನಗುವನ್ನು ಅವನು ಎಷ್ಟೋ ವರ್ಷಗಳಿಂದ ನಗುತ್ತಿದ್ದ.

ಹಳೆಯ ವಿಮಾನ ಠಾಣ್ಯ ಈಗ ಟರ್ಕಿ ಕೋಳಿಗಳ ಫಾರಮ್ಮು. ರನ್‌ವೇ ಉದ್ದಕ್ಕೂ ಉದ್ದುದ್ದ ಶೆಡ್ಡುಗಳು, ಕ್ರಿಸ್‌ಮಸ್ಸಿಗೆ ಸಾಯಬೇಕಾದ ಸಾವಿರಾರು ಹಕ್ಕಿಗಳು ಒಳಗೆ ಒಂದೇ ಸಮ ಗದ್ದಲ ಮಾಡುತ್ತಿದ್ದವು. ವಾಸನೆಗೆ ಮಾರ್ಜರಿ ಕರವಸ್ತ್ರ ತೆಗೆದಳು, ಮೂಗಿಗೆ ಹಿಡಿಯದೆ ಸುಮ್ಮನೆ ಕೈಯಲ್ಲಿ ಇಟ್ಟುಕೊಂಡಳು. ನೆತ್ತಿಯ ಮೇಲೆ ಬಿಸಿಲು, ಮೋಡದ ಚೂರೂ ಇಲ್ಲ. ಇಂಥ ಆಕಾಶ ಕಂಡರೆ ಆಗಿನ ಹುಡುಗರು ಬೈಯುತ್ತಿದ್ದರು. ಹಗಲು ದಾಳಿಗೆ ಹೋಗುವವರಿಗೆ ಮೋಡವೇ ಮನೆ. ಬರಿಯ ಬಿಸಿಲಿನಲ್ಲಿ, ಸಮುದ್ರಕ್ಕೆ ಹೊಟ್ಟೆ ತಾಗುವಷ್ಟು ಕೆಳಗೆ ಹಾರಿ, ಡಚ್ ಕರಾವಳಿಯ ಹಡಗುಗಳ ತೋಪುಗಳಿಗೆ ಎದುರಾಗಿ ಹೋಗಬೇಕು. ಒಂಬತ್ತು ಹೋದರೆ ಆರು ಬರುತ್ತಿದ್ದವು, ಕೆಲವು ಸಲ ಐದು. ಅಲೆಕ್ ಅಂಥ ಹದಿನೇಳು ದಾಳಿ ಮುಗಿಸಿದ್ದ. ಅವನ ಪಕ್ಕದ ಹಾಸಿಗೆಯವನು ಹದಿನಾರನೆಯ ದಾಳಿಯಲ್ಲಿ ಸತ್ತುಹೋಗಿದ್ದ, ಅವನ ಹಾಸಿಗೆಗೆ ಬಂದ ಹೊಸಬನೂ ಎರಡೇ ದಿನದಲ್ಲಿ ಹೋಗಿದ್ದ. ಇದನ್ನೆಲ್ಲ ಅಲೆಕ್ ಹೇಳಲಿಲ್ಲ. "ನಿದ್ದೆ ಬರ್ತಿಲ್ಲ. ಕೈ ನಿಲ್ತಿಲ್ಲ ನೋಡು," ಅಂದ, ಅಷ್ಟೇ. ಆವತ್ತು ಅವನು ಡಾಕ್ಟ್ರೇ ಅನ್ನಲಿಲ್ಲ. ಸಿರಿಲ್, ಅಂದ. ಇವನ ಹೆಸರು ಅವನಿಗೆ ಗೊತ್ತಿದೆ ಅನ್ನುವುದೇ ಇವನಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

"ಇಲ್ಲಿತ್ತು ನಮ್ಮ ಆಸ್ಪತ್ರೆ," ಅಂದ ಸಿರಿಲ್. ಚುರುಗುಟ್ಟುವ ತುರಿಕೆ ಗಿಡಗಳ ಮಧ್ಯೆ ಸಿಮೆಂಟಿನ ನೆಲವಷ್ಟೇ ಉಳಿದಿತ್ತು. ಮಾರ್ಜರಿ ಅದರ ಅಂಚಿನಲ್ಲಿ ಕೂತು, ಕೈಚೀಲದಿಂದ ಮಡಿಸಿದ ಹಾಳೆ ತೆಗೆದಳು. "ನಾಳೆ ಎರಡು ಮಾತಾಡ್ಬೇಕಂತೆ ನಾನು. ಬರ್ಕೊಂಡಿದ್ದೀನಿ. ಕೇಳ್ತೀರಾ?" ಎಂದು ಉತ್ತರಕ್ಕೆ ಕಾಯದೆ ಓದಿದಳು. "ನನ್ನ ಅಣ್ಣನಿಗೆ ಭಯವೆಂದರೆ ಏನೆಂದು ಗೊತ್ತಿರಲಿಲ್ಲ. ಕೊನೆಯ ದಾಳಿಗೂ ಅವನು ನಗುನಗುತ್ತಲೇ ಹೊರಟನು." ಓದಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಇದು ಅವನ ಕಮಾಂಡರ್ ಅಮ್ಮನಿಗೆ ಬರೆದ ಮಾತು. ನಗುನಗುತ್ತಲೇ ಹೋದ ಅಂತ. ನಿಜಾನಾ ಇದು? ಈಗ ಬದುಕಿರೋರಲ್ಲಿ ಅಲ್ಲಿದ್ದವ್ರು ನೀವೊಬ್ರೇ. ಸುಳ್ಳಾದ್ರೆ ನಾಳೆ ಓದಲ್ಲ."

ಹೂಂ ನಿಜ ಅಂದುಬಿಟ್ಟರೆ ಮುಗಿಯಿತು. ನಾಳೆ ಬ್ಯಾಂಡು ಬಾರಿಸುತ್ತಾರೆ, ಹಿಲ್ಡಾ ಕೇಕು ಹಂಚುತ್ತಾಳೆ, ಈ ಹೆಂಗಸು ಕಾರು ಹತ್ತಿ ಹೋಗುತ್ತಾಳೆ. ಅವನ ಬಾಯಿ ಹೂಂ ಅನ್ನುವುದಕ್ಕೆ ತೆರೆದಿತ್ತು ಕೂಡ. ಆದರೆ ಅವಳು ಪರೀಕ್ಷೆ ಮಾಡುವವಳಂತೆ ನೋಡುತ್ತಿರಲಿಲ್ಲ, ಬೇಡುವವಳಂತೆ ನೋಡುತ್ತಿದ್ದಳು, ಅದೇ ಗದ್ದ ಎತ್ತಿಕೊಂಡು. "ಇಲ್ಲ," ಅಂದುಬಿಟ್ಟ. "ಅವನಿಗೆ ಭಯ ಇತ್ತು. ಆವತ್ತು ಬೆಳಿಗ್ಗೆ ಚೀಲ ಕಟ್ಕೊಂಡು ನನ್ನ ಹತ್ರ ಬಂದಿದ್ದ."

ಹೇಳುತ್ತ ಹೋದ. ಮಾತು ಅಷ್ಟು ಸುಲಭವಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಡಾಕ್ಟರು ಸುಟ್ಟಗಾಯದ ಒಬ್ಬ ಪೈಲಟನನ್ನು ಕರೆದುಕೊಂಡು ನಾರಿಚ್‌ಗೆ ಹೋಗಿದ್ದರು, ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಆರ್ಡರ್ಲಿಯ ಕೆಲಸ. ಹೆಸರು ಪುಸ್ತಕಕ್ಕೆ ಬಿದ್ದರೆ ಮುಗಿಯಿತು, ಡಾಕ್ಟರು ನೋಡಿ ಬಿಡುವವರೆಗೆ ಅವನನ್ನು ಯಾರೂ ವಿಮಾನ ಹತ್ತಿಸುವಂತಿಲ್ಲ. ಕಮಾಂಡರೂ ಹತ್ತಿಸುವಂತಿಲ್ಲ. "ಒಂದು ಗೆರೆ ಬರೆದಿದ್ರೆ ಸಾಕಿತ್ತು. ಬರೀಲಿಲ್ಲ."

"ಯಾಕೆ?"

"ಜ್ವರ ನೋಡ್ದೆ. ಇರ್ಲಿಲ್ಲ. ಜ್ವರ ಇಲ್ಲ, ಗಾಯ ಇಲ್ಲ, ಆದ್ರೂ ಹಾರಲ್ಲ ಅಂದ್ರೆ ಅಂಥವ್ರಿಗೆ ಏನ್ ಮಾಡ್ತಿದ್ರು ಗೊತ್ತಾ? ಕಡತದ ಮೇಲೆ ಧೈರ್ಯ ಸಾಲದವನು ಅಂತ ಮುದ್ರೆ ಹೊಡೆಯೋರು. ನನ್ನ ಕಣ್ಣಾರೆ ನೋಡಿದ್ದೀನಿ, ಒಬ್ಬನನ್ನ ಎಲ್ಲರೆದುರು ನಿಲ್ಲಿಸಿ ತೋಳಿನ ಪಟ್ಟಿ, ಎದೆ ಮೇಲಿನ ರೆಕ್ಕೆ ಕಿತ್ರು. ದಾರ ನೇತಾಡ್ತಿತ್ತು. ಅವನನ್ನ ಕಕ್ಕಸು ತೊಳೆಯೋಕೆ ಹಾಕಿದ್ರು. ಮನೆಗೂ ಕಾಗದ ಹೋಗೋದು. ಅಲೆಕ್‌ಗೆ ಹಾಗಾಗೋದು ಬೇಡ ಅಂತ... ನಿನಗೇನೂ ಆಗಿಲ್ಲ, ಹೋಗು, ಟೀ ಕುಡಿ, ನೀನು ಬಂದಿದ್ದನ್ನ ನಾನು ಯಾರಿಗೂ ಹೇಳಲ್ಲ ಅಂದೆ. ಎದ್ದು ಹೋದ. ಒಂಬತ್ತು ಗಂಟೆಗೆ, ದಾಳಿಗೆ ತಯಾರಾಗಿ ಅಂತ ಕರೆ ಬಂತು. ಹನ್ನೊಂದೂವರೆಗೆ ಹಾರಿದ್ರು." ಆಮೇಲಿನದನ್ನು ಅವಳಿಗೆ ಹೇಳಬೇಕಾಗಿರಲಿಲ್ಲ. ಒಂಬತ್ತು ಹೋಗಿ ಐದು ಬಂದವು. ಮಧ್ಯಾಹ್ನ ಡಾಕ್ಟರು ಬಂದು ಪುಸ್ತಕ ತೆರೆದು, ಏನಪ್ಪ, ಇವತ್ತು ಬರೀ ಮೂರೇ ಜನ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ ಅಂದಿದ್ದರು.

ಅವಳು ಬೈಯುತ್ತಾಳೆಂದು ಕಾದ. ಬೈದರೆ ಒಳ್ಳೆಯದಿತ್ತು. ಅವಳು ಅಳುತ್ತಿದ್ದಳು, ಆದರೆ ಮುಖ ಬಿಗಿದುಕೊಂಡಿರಲಿಲ್ಲ, ಎಷ್ಟೋ ದಿನದ ಬಾವು ಒಡೆದವರ ಮುಖದ ಹಾಗೆ ಸಡಿಲವಾಗಿತ್ತು. "ಅಯ್ಯೋ ದೇವರೇ," ಅಂದಳು. "ಅಮ್ಮ ಆ ಕಾಗದನ ಐವತ್ತು ವರ್ಷ ಓದಿದ್ಲು. ನಗುನಗುತ್ತ ಹೋದ್ನಂತೆ, ನಗುನಗುತ್ತ. ನಮ್ಮನ್ನ ಬಿಟ್ಟು ಹೋಗೋಕೆ ಅವನಿಗೆ ಅಷ್ಟು ಖುಷಿ ಆಯ್ತೇನೇ ಮಾರ್ಜರಿ ಅನ್ನೋಳು. ಅಪ್ಪನ್ನ ಸಮುದ್ರ ತಗೊಂಡೋಯ್ತು, ಅವನೇನೂ ನಗ್ತಾ ಹೋಗಿರ್ಲಿಲ್ಲ, ಈ ಹುಡುಗ ನಗ್ತಾ ಹೋದ ಅನ್ನೋಳು. ಸಾಯೋ ವಾರದಲ್ಲೂ ಅದೇ ಮಾತು. ನನಗೂ ಅವನ ಮೇಲೆ ಸಿಟ್ಟಿತ್ತು ಲಾರ್ಟರ್ ಅವ್ರೇ. ವೀರ ಅಂತ ಊರೆಲ್ಲ ಹೊಗಳಿದಾಗ ನನಗೆ ಉರೀತಿತ್ತು. ಬರ್ಬೇಕು ಅಂತಿದ್ನಲ್ಲ ಅವನು! ಮನೆಗೆ ಬರ್ಬೇಕು ಅಂತಲೇ ಇದ್ನಲ್ಲ!" ಅವಳು ತನ್ನ ದೊಡ್ಡ ಕೈಯಿಂದ ಅವನ ಕೈ ಹಿಡಿದುಕೊಂಡಳು. "ನೀವೂ ಆಗ ಹುಡುಗರೇ ಅಲ್ವಾ. ಅವನ ಮಾನ ಉಳಿಸ್ಬೇಕು ಅಂತ ಮಾಡಿದ್ರಿ. ಒಳ್ಳೇದು ಅಂದ್ಕೊಂಡೇ ಮಾಡಿದ್ರಿ. ಸುಮ್ನೆ ಇಷ್ಟು ವರ್ಷ ಹೊತ್ಕೊಂಡು ತಿರುಗಿದ್ರಲ್ಲ."

ಅವನಿಗೆ ಬೇಕಾಗಿದ್ದುದು ಇದೇ. ಇದೇ ಮಾತು, ಹೆಚ್ಚುಕಮ್ಮಿ ಇದೇ ಪದಗಳಲ್ಲಿ, ಅವನು ಅವಳ ಬಾಯಿಂದ ಎಷ್ಟು ಸಲ ಆಡಿಸಿದ್ದ! ತೋಟದಲ್ಲಿ ಅಗೆಯುತ್ತ, ಚರ್ಚಿನಲ್ಲಿ ಮಂಡಿಯೂರಿ, ಹಿಲ್ಡಾ ಪಕ್ಕದಲ್ಲಿ ಗೊರಕೆ ಹೊಡೆಯುವಾಗ. ಈಗ ಅವಳ ಬಿಸಿ ಅಂಗೈ ಅವನ ಕೈಮೇಲಿದೆ. ಸುಮ್ಮನೆ ಇದ್ದರಾಯ್ತು. ಆದರೆ ಆ ಬೆಂಚು, ಆ ಮುಚ್ಚಿದ ಬಾಗಿಲು, ಹುಡುಗನ ಬಾಯಿಂದ ತೆಗೆದ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದ ಆ ಹೊತ್ತು ಎಲ್ಲಿಗೂ ಹೋಗಿರಲಿಲ್ಲ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಪಾದರಸದ ಗೆರೆಯನ್ನು ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದ. ಬೇಕೆಂದೇ ನಿಧಾನ ಮಾಡಿದ್ದ, ಆ ಮೊಟ್ಟೆ ತಿನ್ನುವವನು, ಆ ರೆಕ್ಕೆಯವನು, ತನ್ನ ಒಂದು ಮಾತಿಗೆ ಕಾಯುತ್ತಿರಲಿ ಎಂದು. ಮುದ್ರೆ, ಕಿತ್ತ ಪಟ್ಟಿ, ಕಕ್ಕಸು ಇವೆಲ್ಲ ಆಗ ನೆನಪಾದವೋ, ಅಥವಾ ವಿಮಾನಗಳು ಐದೇ ಬಂದ ಮೇಲೆ ನೆನಪಾದವೋ? ಛೇ, ಅದೂ ಗೊತ್ತು ಅವನಿಗೆ. ಗೊತ್ತಿಲ್ಲವೆಂದು ನಟಿಸುವುದೂ ಈಗ ಬೇಸರವಾಗಿತ್ತು.

"ಮಾನ ಉಳಿಸೋದು ಆಮೇಲೆ ಹುಟ್ಟಿದ ಮಾತು," ಅಂದ ಸಿರಿಲ್.

"ಏನು?"

"ನನಗೆ ಖುಷಿಯಾಗಿತ್ತು. ಅವನು ಹಾಗೆ ಬಂದು ಕೂತಿದ್ದು ನೋಡಿ. ನೀನೂ ಅಷ್ಟೇನಾ, ಅನ್ನಿಸ್ತು. ನಿಮಗೆ ಜ್ವರ ಇಲ್ವಲ್ಲ ಸಾರ್ಜೆಂಟರೇ ಅಂತ ಹೇಳೋಕೆ ಸಿಕ್ತಲ್ಲ ಅಂತ ಖುಷಿ. ಹಾಗೇ ಹೇಳ್ದೆ. ಸಾರ್ಜೆಂಟರೇ ಅಂದೆ. ಅವನು ನನ್ನನ್ನ ಹೆಸರು ಹಿಡಿದು ಕರೆದಿದ್ದ."

ಮಾರ್ಜರಿ ಕೈ ತೆಗೆಯಲಿಲ್ಲ, ಅದು ಅಲ್ಲೇ ಸತ್ತುಹೋದಂತೆ ಇತ್ತು. ಶೆಡ್ಡಿನ ಹಕ್ಕಿಗಳು ಯಾವುದಕ್ಕೋ ಬೆಚ್ಚಿ ಒಟ್ಟಿಗೆ ಕೂಗಿ ಒಟ್ಟಿಗೆ ನಿಂತವು. ಅವಳು ಕೇಳಿದಳು. "ಅವನಿಗೆ ಅದು ಗೊತ್ತಾಯ್ತಾ?"

"ಏನು?"

"ನಿಮಗೆ ಖುಷಿಯಾಗಿದ್ದು. ನಿಮ್ಮ ಮುಖದಲ್ಲಿ ಕಾಣಿಸ್ತಾ ಅವನಿಗೆ?"

ಐವತ್ತು ವರ್ಷದಲ್ಲಿ ಅವನು ತನ್ನನ್ನು ಎಲ್ಲ ಪ್ರಶ್ನೆಗಳನ್ನೂ ಕೇಳಿಕೊಂಡಿದ್ದ, ಇದೊಂದನ್ನು ಬಿಟ್ಟು. "ಕಾಣಿಸ್ತು," ಅಂದ. "ನನ್ನ ಮುಖ ನೋಡ್ತಾನೇ ಇದ್ದ. ಆಮೇಲೆ ನಕ್ಕ. ಸರಿ ಡಾಕ್ಟ್ರೇ, ಅಂದು ಚೀಲ ತಗೊಂಡು ಹೋದ."

ಅವಳು ಎದ್ದಳು. ಸ್ಕರ್ಟಿಗೆ ಅಂಟಿದ ಸಿಮೆಂಟಿನ ಪುಡಿಯನ್ನು ಎರಡೂ ಕೈಯಿಂದ ಕೊಡವಿಕೊಂಡಳು, ಹಿಂದೆ ಮುಂದೆ, ಬಹಳ ಎಚ್ಚರಿಕೆಯಿಂದ. ಹಾಳೆಯನ್ನು ಉದ್ದಕ್ಕೆ ಹರಿದು, ಮತ್ತೆ ಅಡ್ಡಕ್ಕೆ ಹರಿದು, ಚೂರುಗಳನ್ನು ಚೀಲಕ್ಕೆ ಹಾಕಿಕೊಂಡಳು. "ನಾಳೆ ನಾನು ಬೇರೆ ಹೇಳ್ತೀನಿ," ಅಂದಳು. ಅವಳ ದನಿ ಈಗ ಊಟದ ಮೇಜಿನ ದನಿಯಾಗಿತ್ತು. "ಅವನಿಗೆ ಭಯ ಆಗಿತ್ತು ಅಂತ ಹೇಳ್ತೀನಿ. ಆಸ್ಪತ್ರೆಗೆ ಬಂದಿದ್ದ ಅಂತ, ಅವನನ್ನ ವಾಪಸ್ ಕಳಿಸಿದ್ರು ಅಂತ. ಯಾರು ಏನು ಅಂದ್ಕೊಂಡ್ರೂ ಅಷ್ಟೇ. ಅಮ್ಮನಿಗೆ ಕೇಳಿಸಲ್ಲ, ಆದ್ರೂ ಹೇಳ್ತೀನಿ."

"ನನ್ನ ಹೆಸರು ಹೇಳಿ," ಅಂದ ಸಿರಿಲ್. ಅವನೂ ಎದ್ದಿದ್ದ. "ಎಲ್ಲರೆದುರು ಹೇಳಿ. ಲಾರ್ಟರ್ ಕಳಿಸಿದ ಅಂತ. ನಾನು ಮುಂದಿನ ಸಾಲಿನಲ್ಲೇ ನಿಂತಿರ್ತೀನಿ. ಪಾದ್ರಿಗೂ ಗೊತ್ತಾಗ್ಲಿ, ಹಿಲ್ಡಾಗೂ ಗೊತ್ತಾಗ್ಲಿ. ದಯವಿಟ್ಟು ಹೇಳಿ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ.

"ಅದು ನಿಮಗೆ ಬಹಳ ಬೇಕಾಗಿದೆ, ಅಲ್ವಾ?" ಅಂದಳು.

"ಹೂಂ."

"ಹೇಳಲ್ಲ," ಅಂದಳು ಮಾರ್ಜರಿ. "ನಿಮ್ಮ ಹೆಂಡತಿಗೆ ಊಟ ಚೆನ್ನಾಗಿತ್ತು ಅಂತ ತಿಳಿಸಿ." ತುರಿಕೆ ಗಿಡಗಳನ್ನು ಬಳಸಿಕೊಂಡು, ಶೆಡ್ಡುಗಳ ನಡುವಿನ ದಾರಿಯಲ್ಲಿ ಕಾರಿನ ಕಡೆಗೆ ಒಬ್ಬಳೇ ನಡೆದಳು.